ರಾಯಭಾರಿಗೆ ರಕ್ಷಣೆ, ನೊಂದವರಿಗೆ ಏನು?

2015ರ ಸೆಪ್ಟೆಂಬರ್‌ನಲ್ಲಿ ದೆಹಲಿಗೆ ಹೊಂದಿಕೊಂಡ ಗುರುಗ್ರಾಮದ ಒಂದು ಫ್ಲ್ಯಾಟ್‌ನಿಂದ ಪೊಲೀಸರು ಇಬ್ಬರು ನೇಪಾಳಿ ಮಹಿಳೆಯರನ್ನು ಬಿಡಿಸಿ ತಂದರು. ಅದು ಸೌದಿ ಅರೇಬಿಯಾದ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರ ಮನೆ. ತಮ್ಮನ್ನು ಕೂಡಿಹಾಕಿ ಅತ್ಯಾಚಾರ ಎಸಗಿದರು ಎಂದು ಆ ಮಹಿಳೆಯರು ದೂರಿದರು. ರಾಯಭಾರ ಕಚೇರಿ ಆರೋಪವನ್ನು ಅಲ್ಲಗಳೆಯಿತು. ಕೆಲವೇ ದಿನಗಳಲ್ಲಿ ಆ ಅಧಿಕಾರಿ ಭಾರತ ಬಿಟ್ಟು ಹೋದರು. ಹೋದದ್ದನ್ನು ವಿದೇಶಾಂಗ ಸಚಿವಾಲಯವೇ ಖಚಿತಪಡಿಸಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸುವ ಅವಕಾಶ ಭಾರತದ ಯಾವ ನ್ಯಾಯಾಲಯಕ್ಕೂ ಸಿಗಲಿಲ್ಲ.

ಇಂಥ ಪ್ರಕರಣ ನಡೆದಾಗಲೆಲ್ಲ ರಾಜತಾಂತ್ರಿಕ ವಿನಾಯಿತಿಯನ್ನೇ ರದ್ದು ಮಾಡಿ ಎಂಬ ಕೂಗು ಏಳುತ್ತದೆ. ಆ ಸಿಟ್ಟು ಸಹಜ, ಆದರೆ ಪರಿಹಾರ ಅದಲ್ಲ. ದೂತನಿಗೆ ರಕ್ಷಣೆ ಬೇಕೆಂದು ಜಗತ್ತು ಬಹಳ ಹಿಂದೆಯೇ ಒಪ್ಪಿಕೊಂಡಿದೆ, ಅದಕ್ಕೆ ಗಟ್ಟಿ ಕಾರಣಗಳೂ ಇವೆ. ರಕ್ಷಣೆ ಯಾರ ತನಕ ಚಾಚಬೇಕು, ಯಾವ ಕೃತ್ಯಕ್ಕೆ ಅನ್ವಯಿಸಬೇಕು, ಅದರ ನಷ್ಟವನ್ನು ಯಾರು ಹೊರಬೇಕು ಎಂಬಲ್ಲಿ ಜಗಳವಿದೆ. ಎರಡು ಸರ್ಕಾರಗಳ ಅನುಕೂಲಕ್ಕಾಗಿ ಇರುವ ಏರ್ಪಾಡಿನ ನಷ್ಟವನ್ನು ಇವತ್ತು ಹೆಚ್ಚಿನಂಶ ನೊಂದ ವ್ಯಕ್ತಿಯೇ ಹೊರುತ್ತಿರುವುದು ಅನ್ಯಾಯ ಎಂಬುದು ನನ್ನ ನಿಲುವು.

ದೂತನನ್ನು ಕೊಲ್ಲಬಾರದು

ಶತ್ರು ಕಳಿಸಿದ ದೂತನನ್ನು ಕೊಲ್ಲಬಾರದೆಂಬ ಕಟ್ಟಳೆ ನಮ್ಮಲ್ಲಿ ಬಲು ಹಳೆಯದು. ದೂತ ಕೇವಲ ಒಡೆಯನ ಮಾತನ್ನು ಆಡುವವನು, ಆಯುಧ ಎತ್ತಿ ನಿಂತರೂ ಹೇಳಿಕಳಿಸಿದ್ದನ್ನೇ ಹೇಳಬೇಕಾದವನು, ಅವನು ಯಾವ ಕುಲದವನಾದರೂ ವಧ್ಯನಲ್ಲ ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಸುಂದರಕಾಂಡದಲ್ಲಿ ವಿಭೀಷಣ ರಾವಣನನ್ನು ತಡೆಯುವುದೂ ಇದೇ ನ್ಯಾಯದ ಮೇಲೆ. ಆದರೆ ಅಲ್ಲಿ ರಕ್ಷಣೆ ಪ್ರಾಣಕ್ಕೆ ಮಾತ್ರ. ಅಂಗಭಂಗ ಮಾಡಬಹುದು, ಚಾಟಿಯಲ್ಲಿ ಹೊಡೆಯಬಹುದು, ತಲೆ ಬೋಳಿಸಬಹುದು ಎಂದು ವಿಭೀಷಣನೇ ಹೇಳುತ್ತಾನೆ. ಹನುಮಂತನ ಬಾಲಕ್ಕೆ ಬೆಂಕಿ ಬೀಳುವುದು ಆ ಸಡಿಲಿಕೆಯಿಂದಲೇ. ಕೃಷ್ಣಸಂಧಾನದ ತಾಳಮದ್ದಳೆ ಕೇಳಿ ಬೆಳೆದವರಿಗೆ, ಸಂಧಾನಕ್ಕೆ ಬಂದವನನ್ನು ಕಟ್ಟಿಹಾಕಲು ಹೊರಟ ಕೌರವನ ಮೇಲೆ ಸಭೆಗೆ ಏಕೆ ಅಷ್ಟು ರೋಷ ಎಂದು ಬೇರೆ ಹೇಳಬೇಕಿಲ್ಲ.

ಕರ್ನಾಟಕದ ನೆಲದಲ್ಲೇ ನಡೆದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1443ರಲ್ಲಿ ತೈಮೂರ್ ವಂಶದ ಶಾರುಖ್ ಕಳಿಸಿದ ಅಬ್ದುರ್ ರಜಾಕ್ ವಿಜಯನಗರಕ್ಕೆ, ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ವಸತಿ ಸಿಕ್ಕಿತು, ದಿನವಹಿ ಖರ್ಚಿಗೆ ಏರ್ಪಾಡಾಯಿತು. ಆಮೇಲೆ ಹೊರ್ಮುಜ್‌ನ ಕೆಲವರು, ಈತ ನಿಜವಾದ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ಮರ್ಯಾದೆ ಕುಗ್ಗಿತೆಂದು ರಜಾಕ್ ತಾನೇ ಬರೆದುಕೊಂಡಿದ್ದಾನೆ. ಬಂದವನು ನಿಜವಾಗಿ ದೂತನೇ, ಅದನ್ನು ಹೇಳುವ ಅಧಿಕಾರ ಯಾರದು ಎಂಬ ಈ ತೊಡಕು ಮುಂದೆ ಲಾಹೋರ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಮತ್ತೆ ಎದುರಾಯಿತು.

ಲಂಡನ್ನಿನ ಮೂರು ಪ್ರಕರಣ

ಯುರೋಪಿನಲ್ಲಿ ರಾಯಭಾರಿಗಳು ಬಂದು ಹೋಗುವುದನ್ನು ಬಿಟ್ಟು ಒಂದೇ ಕಡೆ ನೆಲೆಸತೊಡಗಿದ ಮೇಲೆ ಪ್ರಶ್ನೆ ಜಟಿಲವಾಯಿತು. ಸಂದೇಶ ಕೊಟ್ಟು ಹಿಂದಿರುಗುವ ದೂತನಿಗಿಂತ ವರ್ಷಗಟ್ಟಲೆ ಮನೆ ಮಾಡಿಕೊಂಡು, ಸಾಲ ಮಾಡಿ, ಆಳುಗಳನ್ನಿಟ್ಟುಕೊಂಡು ಬದುಕುವ ರಾಯಭಾರಿಯ ವ್ಯವಹಾರ ಬೇರೆ. 1584ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ವಿರುದ್ಧದ ಸಂಚಿನಲ್ಲಿ ಸ್ಪೇನಿನ ರಾಯಭಾರಿ ಮೆಂಡೋಜಾ ಸಿಕ್ಕಿಬಿದ್ದ. ಸರ್ಕಾರ ಕಾನೂನು ಪಂಡಿತರಾದ ಜೆಂಟಿಲಿ ಮತ್ತು ಹೋಟ್‌ಮನ್‌ರನ್ನು ಕೇಳಿತು. ಶಿಕ್ಷಿಸಬೇಡಿ, ಹೊರಗಟ್ಟಿ ಎಂದರು ಅವರು. ಇವತ್ತಿಗೂ ಅತಿಥೇಯ ರಾಷ್ಟ್ರದ ಕೈಯಲ್ಲಿರುವ ಮುಖ್ಯ ಅಸ್ತ್ರ ಅದೇ.

ಆದರೆ ರಾಯಭಾರಿಯ ತಮ್ಮನಿಗೆ ಆ ಅನುಕೂಲ ಸಿಗಲಿಲ್ಲ. 1653ರಲ್ಲಿ ಪೋರ್ಚುಗೀಸ್ ರಾಯಭಾರಿಯ ಸೋದರ ಪಂಟಾಲಿಯೋ ಡಿ ಸಾ ಲಂಡನ್ನಿನ ಪೇಟೆಯಲ್ಲಿ ನಡೆದ ಹೊಡೆದಾಟದಲ್ಲಿ ಕೊಲೆಯ ಆರೋಪ ಹೊತ್ತ. ರಾಯಭಾರಿಯ ಪರಿವಾರದವನು ಎಂಬ ವಾದ ನಡೆಯಲಿಲ್ಲ. 1654ರ ಜುಲೈ 10ರಂದು ಅವನ ತಲೆ ಕಡಿಸಿದರು. ಅದೇ ದಿನ ಅಣ್ಣ ಇಂಗ್ಲೆಂಡಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ. ಕುಟುಂಬದವರಿಗೂ ರಕ್ಷಣೆ ಸಲ್ಲಬೇಕೇ ಎಂಬ ಪ್ರಶ್ನೆಗೆ ಇಷ್ಟು ಕಟುವಾದ ಉತ್ತರ ಮತ್ತೆ ಬರಲಿಲ್ಲ.

1708ರಲ್ಲಿ ಮಾತು ತಿರುಗಿತು. ರಷ್ಯಾದ ರಾಯಭಾರಿ ಆಂದ್ರೇಯ್ ಮಟ್ವೇಯೆವ್ ಊರಿಗೆ ಹೊರಟಿದ್ದಾಗ, ಸಾಲ ಕೊಟ್ಟ ವ್ಯಾಪಾರಿಗಳ ಪರವಾಗಿ ಬಂದವರು ಅವನ ಗಾಡಿ ತಡೆದು ಎಳೆದೊಯ್ದರು. ಪೀಟರ್ ಚಕ್ರವರ್ತಿ ಕೆಂಡಾಮಂಡಲನಾದ, ತಪ್ಪಿತಸ್ಥರಿಗೆ ಮರಣದಂಡನೆಯೇ ಆಗಬೇಕೆಂದ. ರಾಣಿ ಆ್ಯನ್‌ಳ ಸರ್ಕಾರ ಕ್ಷಮೆ ಕೇಳಿ, ರಾಯಭಾರಿಗಳ ಮೇಲೆ ಹೊರಡಿಸಿದ ದಾವೆಯ ಆದೇಶಗಳೇ ಅಸಿಂಧು ಎಂಬ ಕಾಯ್ದೆ ತಂದಿತು. ಆ ಕಾಯ್ದೆ ಎರಡೂವರೆ ಶತಮಾನ ಬಾಳಿತು. ಆದರೆ ತಮಗೆ ಬರಬೇಕಾದ ಹಣಕ್ಕೆ ಮುಂದೆ ಯಾರನ್ನು ಕೇಳಬೇಕೆಂದು ಅದು ವ್ಯಾಪಾರಿಗಳಿಗೆ ಹೇಳಲಿಲ್ಲ.

ಯಾಕೆ ಈ ರಕ್ಷಣೆ

ವಿನಾಯಿತಿಗೆ ಸಮರ್ಥನೆ ಕೊಟ್ಟ ವಾದಗಳು ಮುಖ್ಯವಾಗಿ ಮೂರು. ಮೊದಲನೆಯದು, ರಾಯಭಾರಿ ಇರುವ ಜಾಗ ಕಾನೂನಿನ ಕಣ್ಣಿಗೆ ಅವನ ದೇಶದ ನೆಲವೇ ಎಂಬ ಕಲ್ಪನೆ. 1625ರಲ್ಲಿ ಗ್ರೋಷಿಯಸ್ ಇದಕ್ಕೆ ಬುನಾದಿ ಹಾಕಿದ. ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಇದೇ. ‘ರಾಯಭಾರ ಕಚೇರಿಯೊಳಗೆ ಕಾಲಿಟ್ಟರೆ ಆ ದೇಶಕ್ಕೇ ಹೋದಂತೆ’ ಎನ್ನುತ್ತಾರೆ. ಕಾನೂನು ಇದನ್ನು ಎಂದೋ ಕೈಬಿಟ್ಟಿದೆ. ಲಂಡನ್ನಿನ ಈಜಿಪ್ಟ್ ಕಾನ್ಸುಲೇಟ್‌ನಲ್ಲಿ ಕೊಟ್ಟ ತಲಾಖ್ ಈಜಿಪ್ಟಿನ ನೆಲದಲ್ಲಿ ಆದದ್ದೇ ಎಂಬ ಪ್ರಶ್ನೆ 1972ರಲ್ಲಿ ಬಂದಾಗ ಇಂಗ್ಲಿಷ್ ನ್ಯಾಯಾಲಯ ಅಲ್ಲವೆಂದು ಸ್ಪಷ್ಟವಾಗಿ ಹೇಳಿತು. ಕಚೇರಿಯೊಳಗೆ ಪೊಲೀಸರು ಅನುಮತಿಯಿಲ್ಲದೆ ಹೋಗುವಂತಿಲ್ಲ, ಅಷ್ಟೇ. ನೆಲ ಅತಿಥೇಯ ರಾಷ್ಟ್ರದ್ದೇ.

ಎರಡನೆಯದು, ರಾಯಭಾರಿ ತನ್ನ ದೊರೆಯ ಪ್ರತಿರೂಪ, ಅವನನ್ನು ಮುಟ್ಟಿದರೆ ದೊರೆಯನ್ನೇ ಮುಟ್ಟಿದಂತೆ ಎಂಬ ವಾದ. ಮಾಂಟೆಸ್ಕ್ಯೂ ಇದನ್ನು ಬೆಳೆಸಿದ. ಪೀಟರ್ ಏಕೆ ಅಷ್ಟು ಕೆರಳಿದ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ದೊರೆಗಳು ಹೋಗಿ ಗಣರಾಜ್ಯಗಳು ಬಂದ ಮೇಲೂ ಗುಮಾಸ್ತನಿಗೆ, ಅವನ ಹೆಂಡತಿಗೆ ವಿನಾಯಿತಿ ಏಕೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಮೂರನೆಯದು ಕೆಲಸದ ಅಗತ್ಯದ ವಾದ. ಅತಿಥೇಯ ಸರ್ಕಾರಕ್ಕೆ ಇಷ್ಟವಾಗದ ಮಾತನ್ನು ಆಡುವುದು, ಅದು ಮುಚ್ಚಿಡುವುದನ್ನು ತಿಳಿದು ವರದಿ ಕಳಿಸುವುದು ರಾಜತಾಂತ್ರಿಕನ ಕೆಲಸ. ಒಂದು ಸುಳ್ಳು ಕೇಸು ಹಾಕಿ ಬಾಯಿ ಮುಚ್ಚಿಸಲು ಬರುವಂತಿದ್ದರೆ ಅವನು ಕೆಲಸ ಮಾಡಲಾರ. ಅವನನ್ನು ಬಿಟ್ಟು ಅವನ ಮಗನ ಮೇಲೆ ಕೇಸು ಹಾಕಿದರೂ ಪರಿಣಾಮ ಅದೇ. ಆದ್ದರಿಂದ ಕುಟುಂಬಕ್ಕೂ ರಕ್ಷಣೆ. 1961ರ ಏಪ್ರಿಲ್ 18ರಂದು ಸಹಿಗೆ ತೆರೆದುಕೊಂಡ ವಿಯೆನ್ನಾ ಒಪ್ಪಂದ ಹೆಚ್ಚಾಗಿ ಈ ವಾದದ ಮೇಲೆ ನಿಂತಿದೆ. ಈ ಸವಲತ್ತುಗಳು ವ್ಯಕ್ತಿಗಳ ಲಾಭಕ್ಕಲ್ಲ ಎಂದು ಅದರ ಪೀಠಿಕೆಯೇ ಹೇಳುತ್ತದೆ. 190ಕ್ಕೂ ಹೆಚ್ಚು ರಾಷ್ಟ್ರಗಳು ಅದನ್ನು ಒಪ್ಪಿವೆ. ಭಾರತ 1965ರಲ್ಲಿ ಸೇರಿ, 1972ರಲ್ಲಿ ಅದಕ್ಕೆ ಕಾಯ್ದೆಯ ರೂಪ ಕೊಟ್ಟಿತು.

ಮೂರರಲ್ಲಿ ಇದೇ ಬಲವಾದ ವಾದವೆಂದು ನನಗೂ ಅನಿಸುತ್ತದೆ. ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ 1979ರಿಂದ 444 ದಿನ 52 ಜನ ಒತ್ತೆಯಾಳುಗಳಾಗಿ ಉಳಿದದ್ದನ್ನು ನೆನೆದರೆ, ಈ ಕಾನೂನು ಇಲ್ಲದ ಜಗತ್ತು ಹೇಗಿರುತ್ತದೆಂದು ಊಹಿಸಬಹುದು. ಆದರೆ ವಾದ ಬಲವಾಗಿದ್ದಷ್ಟೂ ಅದರ ಮಿತಿಯನ್ನು ಕೇಳಬೇಕಾಗುತ್ತದೆ. ಕುಡಿದು ಕಾರು ಓಡಿಸಿ ಯಾರನ್ನೋ ಕೊಲ್ಲುವುದು ರಾಯಭಾರದ ಯಾವ ಕೆಲಸಕ್ಕೆ ಅಗತ್ಯ?

ಯಾರಿಗೆ ಎಷ್ಟು

ಒಪ್ಪಂದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರಾಜತಾಂತ್ರಿಕ ಅಧಿಕಾರಿ ಮತ್ತು ಅವನ ಮನೆಯವರನ್ನು ಬಂಧಿಸುವಂತಿಲ್ಲ, ಅವರ ಮೇಲೆ ಕ್ರಿಮಿನಲ್ ಮೊಕದ್ದಮೆಯಿಲ್ಲ. ಸಿವಿಲ್ ದಾವೆಯೂ ಇಲ್ಲ, ಖಾಸಗಿ ಸ್ಥಿರಾಸ್ತಿ, ವಾರಸುದಾರಿಕೆ, ಖಾಸಗಿ ವ್ಯಾಪಾರ ಅಥವಾ ವೃತ್ತಿ ಎಂಬ ಮೂರು ಬಾಬತ್ತು ಬಿಟ್ಟು. ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೂ ಅವರ ಮನೆಯವರಿಗೂ ಕ್ರಿಮಿನಲ್ ರಕ್ಷಣೆ ಪೂರ್ಣ. ಸಿವಿಲ್ ರಕ್ಷಣೆ ಆ ಸಿಬ್ಬಂದಿಯ ಕರ್ತವ್ಯಕ್ಕೆ ಸೀಮಿತ. ಚಾಲಕ, ಅಡುಗೆಯವರಂಥ ಸೇವಾ ಸಿಬ್ಬಂದಿಗೆ ಕರ್ತವ್ಯದ ಕೃತ್ಯಗಳಿಗಷ್ಟೇ. ಅಧಿಕಾರಿಯ ಸ್ವಂತ ಮನೆಗೆಲಸದವರಿಗೆ ಸಂಬಳದ ಮೇಲಿನ ತೆರಿಗೆ ವಿನಾಯಿತಿ ಬಿಟ್ಟರೆ ಬಹುಮಟ್ಟಿಗೆ ಏನೂ ಇಲ್ಲ. ವಿನಾಯಿತಿ ಬಿಟ್ಟುಕೊಡುವ ಹಕ್ಕು ಅಧಿಕಾರಿಯದಲ್ಲ, ಅವನ ಸರ್ಕಾರದ್ದು.

ಬೀದಿಯಲ್ಲಿ ನಿಂತ ಪೊಲೀಸನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅಮೆರಿಕದ ವಿದೇಶಾಂಗ ಇಲಾಖೆ ಕೊಡುವ ಗುರುತಿನ ಚೀಟಿಯ ಅಂಚು ರಾಜತಾಂತ್ರಿಕರಿಗೆ ನೀಲಿ, ರಾಯಭಾರ ಕಚೇರಿಯ ಇತರ ಸಿಬ್ಬಂದಿಗೆ ಹಸಿರು, ಕಾನ್ಸುಲೇಟಿನವರಿಗೆ ಕೆಂಪು. ಹಿಂಬದಿಯಲ್ಲಿ ಯಾವ ಮಟ್ಟದ ರಕ್ಷಣೆ ಇದೆ, ಯಾವ ಸಂಖ್ಯೆಗೆ ಫೋನ್ ಮಾಡಬೇಕು ಎಂದು ಬರೆದಿರುತ್ತದೆ. ಪೊಲೀಸ್ ಕಾರು ನಿಲ್ಲಿಸಬಹುದು, ದಂಡದ ಚೀಟಿ ಕೊಡಬಹುದು, ಕುಡಿದಿದ್ದೀರಾ ಎಂದು ಪರೀಕ್ಷೆಗೆ ಕರೆಯಬಹುದು. ನೀಲಿ ಅಂಚಿನವರು ಒಲ್ಲೆನೆಂದರೆ ಬಲವಂತ ಮಾಡುವಂತಿಲ್ಲ.

ಬೆಂಗಳೂರಿನ ರಸ್ತೆಯಲ್ಲಿ ನೀಲಿ ಫಲಕದ ಮೇಲೆ ‘ಸಿಸಿ’ ಅಕ್ಷರವಿರುವ ಕಾರು ಕಂಡರೆ ಅದು ಕಾನ್ಸುಲೇಟಿನದು. ದೆಹಲಿಯಲ್ಲಿ ಓಡಾಡುವ ‘ಸಿಡಿ’ ಫಲಕ ರಾಯಭಾರ ಕಚೇರಿಯದು. ಇವೆರಡರ ನಡುವಿನ ಅಂತರ ದೊಡ್ಡದು. ಕಾನ್ಸುಲೇಟಿಗೆ ಅನ್ವಯಿಸುವ 1963ರ ಒಪ್ಪಂದ ಕರ್ತವ್ಯದ ಕೃತ್ಯಗಳಿಗಷ್ಟೇ ವಿನಾಯಿತಿ ಕೊಡುತ್ತದೆ. ಗಂಭೀರ ಅಪರಾಧವಾದರೆ ನ್ಯಾಯಾಧೀಶರ ಆದೇಶದ ಮೇಲೆ ಬಂಧಿಸಲೂಬಹುದು. 2012ರಲ್ಲಿ ಬೆಂಗಳೂರಿನ ಫ್ರೆಂಚ್ ಕಾನ್ಸುಲೇಟಿನ ನೌಕರರೊಬ್ಬರ ಖಾಸಗಿ ಬದುಕಿಗೆ ಸಂಬಂಧಿಸಿ ಗಂಭೀರ ಆರೋಪ ಬಂದಾಗ ಇಲ್ಲಿನ ಪೊಲೀಸರು ಬಂಧಿಸಿದರು, ಇಲ್ಲಿನ ನ್ಯಾಯಾಲಯವೇ ವಿಚಾರಣೆ ನಡೆಸಿತು, 2017ರಲ್ಲಿ ಖುಲಾಸೆಗೊಳಿಸಿತು. ಆರೋಪಿಯ ಪಾಲಿಗೂ ಇದು ನ್ಯಾಯವೇ. ವಿನಾಯಿತಿಯ ಮರೆಯಲ್ಲಿ ದೇಶ ಬಿಟ್ಟು ಹೋಗಿದ್ದರೆ ನಿರ್ದೋಷಿ ಎಂಬ ತೀರ್ಪು ಅವರಿಗೆ ಎಂದೂ ಸಿಗುತ್ತಿರಲಿಲ್ಲ. 2025ರ ಜನವರಿಯಲ್ಲಿ ಅಮೆರಿಕವೂ ಬೆಂಗಳೂರಿನಲ್ಲಿ ಕಾನ್ಸುಲೇಟ್ ತೆರೆದಿದೆ. ಈ ವ್ಯತ್ಯಾಸವನ್ನು ನಮ್ಮ ಠಾಣೆಗಳು ತಿಳಿದಿರಬೇಕಾದ ಕಾಲ ಇದು.

2013ರ ಡಿಸೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಭಾರತದ ಡೆಪ್ಯುಟಿ ಕಾನ್ಸಲ್ ಜನರಲ್ ದೇವಯಾನಿ ಖೋಬ್ರಾಗಡೆಯವರ ಬಂಧನವಾದದ್ದೂ ಈ ಕಾನ್ಸುಲೇಟ್ ನಿಯಮದಡಿಯೇ. ಮನೆಗೆಲಸದಾಕೆಯ ವೀಸಾ ಅರ್ಜಿಯಲ್ಲಿ ಗಂಟೆಗೆ 9.75 ಡಾಲರ್ ಎಂದು ತೋರಿಸಿ, 3.31 ಡಾಲರಿನಷ್ಟು ಮಾತ್ರ ಕೊಡುವ ಕರಾರು ಮಾಡಿಕೊಂಡಿದ್ದರು ಎಂಬುದು ಆರೋಪ. ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದು ಅಕ್ಷಮ್ಯ. ಭಾರತ ದೆಹಲಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿನ ಬ್ಯಾರಿಕೇಡ್ ತೆಗೆಸಿತು. ಅವರನ್ನು ವಿಶ್ವಸಂಸ್ಥೆಯ ನಿಯೋಗಕ್ಕೆ ವರ್ಗಾಯಿಸಿತು. 2014ರ ಜನವರಿ 8ರಂದು ಪೂರ್ಣ ರಾಜತಾಂತ್ರಿಕ ಸ್ಥಾನ ಸಿಕ್ಕಿತು, 9ರಂದು ದೋಷಾರೋಪ ದಾಖಲಾಯಿತು. ದಾಖಲಾದ ಹೊತ್ತಿಗೆ ವಿನಾಯಿತಿ ಇತ್ತೆಂದು ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಎರಡೇ ದಿನದಲ್ಲಿ ಹೊಸ ದೋಷಾರೋಪ ಬಂತು. ಆ ದಿನಗಳ ನಮ್ಮ ಚರ್ಚೆಯಲ್ಲಿ ದೇಶದ ಮಾನದ ಮಾತು ತುಂಬಿತ್ತು. ಕೂಲಿಯ ಪ್ರಶ್ನೆ ಎತ್ತಿದ ಆ ಹೆಂಗಸೂ ಭಾರತೀಯಳೇ ಎಂಬುದು ಹಿಂದೆ ಸರಿಯಿತು. ಅದು ನನಗೆ ಇಂದಿಗೂ ನೋವಿನ ಸಂಗತಿ.

ನೀನು ಮುಟ್ಟಿದರೆ ನಾನೂ ಮುಟ್ಟುತ್ತೇನೆ

ಈ ಕಾನೂನನ್ನು ಕಾಯುತ್ತಿರುವುದು ತತ್ವವಲ್ಲ, ಪರಸ್ಪರ ಭಯ ಎನ್ನುವವರದು ಇನ್ನೊಂದು ಪಂಥ. ಪ್ರತಿ ದೇಶವೂ ಅತಿಥೇಯವೂ ಹೌದು, ಅತಿಥಿಯೂ ಹೌದು. 1984ರ ಏಪ್ರಿಲ್ 17ರಂದು ಲಂಡನ್ನಿನ ಲಿಬಿಯಾ ಕಚೇರಿಯೊಳಗಿಂದ ಬಂದ ಗುಂಡು ಹೊರಗೆ ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರನ್ನು ಕೊಂದಿತು. ಹನ್ನೊಂದು ದಿನ ಮುತ್ತಿಗೆ ಹಾಕಿದ ಬ್ರಿಟನ್ ಕೊನೆಗೆ ಒಳಗಿದ್ದವರನ್ನು ದೇಶ ಬಿಟ್ಟು ಹೋಗಲು ಬಿಟ್ಟಿತು. ಟ್ರಿಪೋಲಿಯಲ್ಲಿದ್ದ ತನ್ನವರ ಚಿಂತೆ ಅದಕ್ಕಿತ್ತು. ಆಮೇಲೆ ಸಂಸತ್ತಿನ ಸಮಿತಿ ಒಪ್ಪಂದವನ್ನೇ ತಿದ್ದಬೇಕೇ ಎಂದು ಪರಿಶೀಲಿಸಿದರೂ ತಿದ್ದುಪಡಿಯ ದಾರಿ ಹಿಡಿಯಲಿಲ್ಲ.

2011ರ ಜನವರಿಯಲ್ಲಿ ಲಾಹೋರ್‌ನಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದ ಅಮೆರಿಕದ ರೇಮಂಡ್ ಡೇವಿಸ್‌ನನ್ನು ಅಧ್ಯಕ್ಷ ಒಬಾಮ ‘ನಮ್ಮ ರಾಜತಾಂತ್ರಿಕ’ ಎಂದರು. ಆತ ಸಿಐಎಗೆ ಕೆಲಸ ಮಾಡುತ್ತಿದ್ದವನೆಂದು ಆಮೇಲೆ ಬಯಲಾಯಿತು. ರಾಯಭಾರ ಕಚೇರಿಯವನೋ ಕಾನ್ಸುಲೇಟಿನವನೋ ಎಂಬ ತಕರಾರು ಬಗೆಹರಿಯುವ ಮೊದಲೇ, ಸತ್ತವರ ಮನೆಯವರಿಗೆ ಪರಿಹಾರದ ಹಣ ಸಂದು ಮಾರ್ಚ್‌ನಲ್ಲಿ ಬಿಡುಗಡೆಯಾಯಿತು.

ನಮ್ಮ ಸುಪ್ರೀಂ ಕೋರ್ಟ್ ಈ ಗೆರೆಯ ತೀರ ಹತ್ತಿರ ಹೋದದ್ದು 2013ರಲ್ಲಿ. ಕೇರಳದ ಮೀನುಗಾರರನ್ನು ಕೊಂದ ಆರೋಪದ ಇಟಲಿಯ ಇಬ್ಬರು ನೌಕಾ ಯೋಧರು ಮತ ಹಾಕಲು ಊರಿಗೆ ಹೋಗಿ ಬರುತ್ತಾರೆಂದು ಇಟಲಿಯ ರಾಯಭಾರಿ ನ್ಯಾಯಾಲಯಕ್ಕೆ ಮುಚ್ಚಳಿಕೆ ಕೊಟ್ಟರು. ಮಾರ್ಚ್ 11ರಂದು ಇಟಲಿ, ಕಳಿಸುವುದಿಲ್ಲ ಎಂದಿತು. 14ರಂದು ನ್ಯಾಯಾಲಯ ರಾಯಭಾರಿಗೆ ಅನುಮತಿಯಿಲ್ಲದೆ ದೇಶ ಬಿಡಬೇಡಿ ಎಂದು ಆದೇಶಿಸಿತು. ಯೋಧರು ಮರಳಿದ್ದರಿಂದ ಪರೀಕ್ಷೆ ಅಲ್ಲಿಗೇ ನಿಂತಿತು. ಆ ಮೀನುಗಾರರ ಮನೆಯವರ ದೃಷ್ಟಿಯಿಂದ ನೋಡಿದರೆ ಆದೇಶ ಅರ್ಥವಾಗುತ್ತದೆ. ಆದರೆ ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ ಎನ್ನುವ ವಿಯೆನ್ನಾ ಒಪ್ಪಂದದ 29ನೇ ವಿಧಿಯೊಂದಿಗೆ ಅದನ್ನು ಹೊಂದಿಸುವುದು ಕಷ್ಟ, ಮತ್ತು ನಾಳೆ ರೋಮ್‌ನಲ್ಲೋ ಇಸ್ಲಾಮಾಬಾದಿನಲ್ಲೋ ನಮ್ಮ ರಾಯಭಾರಿಗೆ ಹಾಗೆ ಹೇಳಿದರೆ ನಾವು ಸಹಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೆನಡಾ ನಮ್ಮ ಹೈಕಮಿಷನರ್ ಸೇರಿದಂತೆ ಆರು ಜನರ ವಿನಾಯಿತಿ ಬಿಟ್ಟುಕೊಡಿ ಎಂದು ಕೇಳಿದಾಗ ಭಾರತ ಒಪ್ಪಲಿಲ್ಲ. ಎರಡೂ ಕಡೆ ಆರಾರು ಜನ ಹೊರಬಿದ್ದರು.

ಬಿಟ್ಟುಕೊಟ್ಟ ಉದಾಹರಣೆ ಇಲ್ಲದಿಲ್ಲ. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಕುಡಿದು ಕಾರು ಓಡಿಸಿ ಹದಿನಾರರ ಹುಡುಗಿಯ ಸಾವಿಗೆ ಕಾರಣನಾದ ತನ್ನ ಅಧಿಕಾರಿಯ ವಿನಾಯಿತಿಯನ್ನು ಜಾರ್ಜಿಯಾ ತೆಗೆಯಿತು. ಅವನಿಗೆ ಜೈಲಾಯಿತು. ರಾಯಭಾರದ ಕೆಲಸ ಅದರಿಂದ ಕೆಡಲಿಲ್ಲ.

ವಿನಾಯಿತಿ ಮುರಿಯದೆಯೇ ಶಿಸ್ತು ತರಬಹುದೆಂಬುದಕ್ಕೂ ಪುರಾವೆಯಿದೆ. 1997ರಿಂದ 2002ರ ನಡುವೆ ನ್ಯೂಯಾರ್ಕ್‌ನ ರಾಜತಾಂತ್ರಿಕರು ಕಟ್ಟದೆ ಬಿಟ್ಟ ಪಾರ್ಕಿಂಗ್ ದಂಡದ ಚೀಟಿಗಳು 1,50,000ಕ್ಕೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರಾದ ಫಿಸ್ಮನ್ ಮತ್ತು ಮಿಗೆಲ್ ಲೆಕ್ಕ ಹಾಕಿದರು. 2002ರಲ್ಲಿ ನಗರಕ್ಕೆ ಅವರ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ಸಿಕ್ಕಿದ್ದೇ ತಡ, ಉಲ್ಲಂಘನೆ ಸುಮಾರು ಶೇ 98ರಷ್ಟು ಇಳಿಯಿತು. ಲಂಡನ್ನಿನ ದಟ್ಟಣೆ ಶುಲ್ಕದ ಕಥೆ ಬೇರೆ. ಅದು ತೆರಿಗೆ, ನಮಗೆ ಅನ್ವಯಿಸದು ಎನ್ನುವ ದೇಶಗಳ ಬಾಕಿ 2024ರ ಹೊತ್ತಿಗೆ 14 ಕೋಟಿ ಪೌಂಡ್ ದಾಟಿತ್ತು. ಅಮೆರಿಕ ಮೊದಲ ಸ್ಥಾನದಲ್ಲಿತ್ತು, ಭಾರತವೂ ಮುಂಚೂಣಿಯ ಹೆಸರುಗಳಲ್ಲಿತ್ತು.

ಮನೆಗೆಲಸದವರ ಮೊಕದ್ದಮೆಗಳು

ಇತ್ತೀಚಿನ ಬಿರುಸಿನ ಚರ್ಚೆ ನಡೆದಿರುವುದು ಇಲ್ಲಿ. ಮಾನವ ಹಕ್ಕುಗಳ ಪಂಥದ ಪ್ರಕಾರ ಅತ್ಯಂತ ದುರ್ಬಲರ ಎದುರು ಅತ್ಯಂತ ಬಲಿಷ್ಠ ರಕ್ಷಣೆ ನಿಂತಿರುವುದು ರಾಜತಾಂತ್ರಿಕರ ಅಡುಗೆಮನೆಯಲ್ಲಿ. ವೀಸಾ ಮಾಲೀಕರ ಹೆಸರಿಗೆ ಕಟ್ಟಿಕೊಂಡಿರುತ್ತದೆ, ಮನೆಯೊಳಗೆ ಪೊಲೀಸ್ ಬರುವಂತಿಲ್ಲ.

ಲಂಡನ್ನಿನಲ್ಲಿ ಸೌದಿ ರಾಜತಾಂತ್ರಿಕರೊಬ್ಬರ ಮನೆಯಲ್ಲಿದ್ದ ಫಿಲಿಪೀನ್ಸ್‌ನ ಮಹಿಳೆಯ ದೂರಿನಲ್ಲಿದ್ದುದು ಇಷ್ಟು: ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದೂವರೆವರೆಗೆ ಕೆಲಸ, ರಜೆಯಿಲ್ಲ, ಕಸ ಹಾಕಲು ಬಿಟ್ಟರೆ ಹೊರಗೆ ಹೋಗುವಂತಿಲ್ಲ, ತಿನ್ನಲು ಉಳಿದದ್ದು, ಕರೆದಾಗ ಓಡಿ ಬರಲು ಮೈಮೇಲೆ ಸದಾ ಒಂದು ಕರೆಗಂಟೆ, ತಿಂಗಳುಗಟ್ಟಲೆ ಸಂಬಳವಿಲ್ಲ. ಇದನ್ನು ನಿಜವೆಂದು ಇಟ್ಟುಕೊಂಡರೆ ವಿನಾಯಿತಿ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ 2022ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮೂರಕ್ಕೆ ಎರಡರ ಬಹುಮತದಲ್ಲಿ ಇಲ್ಲವೆಂದಿತು. ಮಾಮೂಲಿ ಕೆಲಸದಾಕೆಯನ್ನು ಇಟ್ಟುಕೊಳ್ಳುವುದು ದಿನಬಳಕೆಯ ಸಂಗತಿ. ದುಡಿಸಿಕೊಂಡು ಕೂಲಿ ಕೊಡದೆ ಗುಲಾಮಗಿರಿಯಲ್ಲಿ ಇಡುವುದು ಲಾಭದ ವ್ಯವಹಾರ, ಒಪ್ಪಂದದ ವ್ಯಾಪಾರದ ಅಪವಾದಕ್ಕೆ ಅದು ಒಳಪಡುತ್ತದೆ ಎಂಬುದು ಬಹುಮತದ ತರ್ಕ. ಭಿನ್ನಮತದ ಇಬ್ಬರು, ಕೆಲಸದ ಸ್ಥಿತಿ ಎಷ್ಟೇ ಕ್ರೂರವಾಗಿದ್ದರೂ ಅದು ವ್ಯಾಪಾರವಾಗದು, ಒಪ್ಪಂದವನ್ನು ಹೀಗೆ ಹಿಗ್ಗಿಸಿದರೆ ನಮ್ಮವರೂ ಹೊರದೇಶಗಳಲ್ಲಿ ಅಪಾಯಕ್ಕೆ ಸಿಲುಕುತ್ತಾರೆ ಎಂದರು. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1996ರಲ್ಲೇ ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ವ್ಯಾಪಾರವಲ್ಲ ಎಂದಿತ್ತು. ಅಧಿಕಾರಿ ಹುದ್ದೆ ಬಿಟ್ಟ ಮೇಲೆ ದಾವೆ ಹೂಡಬಹುದೆಂಬುದನ್ನು ಮಾತ್ರ 2010ರಲ್ಲಿ ಅಮೆರಿಕದ, 2017ರಲ್ಲಿ ಬ್ರಿಟನ್ನಿನ ನ್ಯಾಯಾಲಯಗಳು ಒಪ್ಪಿದವು. ಕಚೇರಿಯ ಕೃತ್ಯಗಳಿಗಷ್ಟೇ ರಕ್ಷಣೆ ಮುಂದುವರಿಯುತ್ತದೆ, ಮನೆಯಲ್ಲಿ ಪಾತ್ರೆ ತೊಳೆಸುವುದು ಕಚೇರಿಯ ಕೃತ್ಯವಲ್ಲ.

ತೀರ್ಮಾನವಾಗದೆ ಉಳಿದವು

ಬ್ರಿಟನ್ನಿನ ತೀರ್ಪನ್ನು ಬೇರೆ ದೇಶಗಳು ಒಪ್ಪುತ್ತವೆಯೇ ಎಂಬುದು ತಿಳಿದಿಲ್ಲ. ಕುಟುಂಬದ ರಕ್ಷಣೆಯ ಗಡಿಯೂ ಅಸ್ಪಷ್ಟ. 2019ರಲ್ಲಿ ಇಂಗ್ಲೆಂಡಿನ ಕ್ರೋಟನ್ ವಾಯುನೆಲೆಯ ಬಳಿ ಅಮೆರಿಕದ ನೌಕರರೊಬ್ಬರ ಪತ್ನಿಯ ಕಾರು ಡಿಕ್ಕಿಯಾಗಿ ಹತ್ತೊಂಬತ್ತರ ಯುವಕ ಸತ್ತ. 1995ರ ಒಡಂಬಡಿಕೆಯಲ್ಲಿ ಅಲ್ಲಿನ ನೌಕರರ ಖಾಸಗಿ ಕೃತ್ಯಗಳ ವಿನಾಯಿತಿ ಬಿಟ್ಟುಕೊಟ್ಟಿದ್ದರು, ಮನೆಯವರ ಹೆಸರು ಸೇರಿಸಿರಲಿಲ್ಲ. ಹಾಗಾಗಿ ಗಂಡನಿಗಿಲ್ಲದ ರಕ್ಷಣೆ ಹೆಂಡತಿಗೆ ಸಿಕ್ಕಿತು. 2020ರಲ್ಲಿ ಆ ಲೋಪ ತಿದ್ದಿದರು. 2022ರಲ್ಲಿ ಆಕೆ ವಿಡಿಯೊ ಮೂಲಕ ತಪ್ಪೊಪ್ಪಿಕೊಂಡು ಎಂಟು ತಿಂಗಳ ಅಮಾನತು ಶಿಕ್ಷೆ ಪಡೆದರು. ತಿದ್ದಿದ್ದು ಒಂದು ನೆಲೆಯ ಒಡಂಬಡಿಕೆಯನ್ನು, ಸಾಮಾನ್ಯ ನಿಯಮವನ್ನಲ್ಲ. ಘಟನೆಯ ನಂತರ ಹೊಸ ಹುದ್ದೆ ಕೊಟ್ಟು ರಕ್ಷಣೆ ಹೊದಿಸಬಹುದೇ, ಗುಪ್ತಚರರನ್ನು ಸಿಬ್ಬಂದಿ ಪಟ್ಟಿಯಲ್ಲಿ ತೋರಿಸಿದರೆ ಪಟ್ಟಿಯನ್ನು ಪ್ರಶ್ನಿಸುವ ಹಕ್ಕು ನ್ಯಾಯಾಲಯಕ್ಕಿದೆಯೇ ಎಂಬುದಕ್ಕೂ ಒಮ್ಮತವಿಲ್ಲ.

ಪರಿಹಾರದ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಡಿಮೆ ಗಮನ ಪಡೆದದ್ದು. 1961ರ ವಿಯೆನ್ನಾ ಸಮ್ಮೇಳನ ಒಪ್ಪಂದದ ಜೊತೆಗೇ ಒಂದು ನಿರ್ಣಯ ಅಂಗೀಕರಿಸಿತ್ತು: ಕೆಲಸಕ್ಕೆ ತೊಂದರೆಯಾಗದಿದ್ದರೆ ಸಿವಿಲ್ ದಾವೆಗಳಲ್ಲಿ ವಿನಾಯಿತಿ ಬಿಟ್ಟುಕೊಡಿ, ಇಲ್ಲವಾದರೆ ನ್ಯಾಯಯುತ ಇತ್ಯರ್ಥಕ್ಕೆ ಶಕ್ತಿಮೀರಿ ಪ್ರಯತ್ನಿಸಿ. ಅದು ಶಿಫಾರಸು, ಕಟ್ಟುಪಾಡಲ್ಲ. ಅಮೆರಿಕ 1978ರ ಕಾಯ್ದೆಯಲ್ಲಿ ರಾಜತಾಂತ್ರಿಕರ ವಾಹನಗಳಿಗೆ ವಿಮೆ ಕಡ್ಡಾಯ ಮಾಡಿ, ನೊಂದವರು ನೇರವಾಗಿ ವಿಮಾ ಕಂಪನಿಯ ಮೇಲೆ ದಾವೆ ಹೂಡುವ ದಾರಿ ತೆರೆಯಿತು. ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಸೆಕ್ಷನ್ ಪ್ರಕಾರ ವಿದೇಶಿ ರಾಷ್ಟ್ರದ ಮೇಲೆ, ರಾಯಭಾರಿಯ ಮೇಲೆ ದಾವೆ ಹೂಡಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ದೆಹಲಿಯ ಅಲ್ಜೀರಿಯಾ ರಾಯಭಾರ ಕಚೇರಿಯ ರಿಪೇರಿ ಕೆಲಸ ಮಾಡಿ ಬಿಲ್ ವಸೂಲಾಗದ ಗುತ್ತಿಗೆದಾರರೊಬ್ಬರಿಗೆ ರಾಜಕೀಯ ಕಾರಣ ಹೇಳಿ ಒಪ್ಪಿಗೆ ನಿರಾಕರಿಸಿದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಮನಬಂದಂತೆ ನಿರಾಕರಿಸುವಂತಿಲ್ಲ, ಮತ್ತೆ ಪರಿಶೀಲಿಸಿ ಎಂದಿತು. ಮೈತ್ರಿ ಉಳಿಸಿಕೊಳ್ಳಲು ಸರ್ಕಾರ ಒಬ್ಬ ಪ್ರಜೆಯ ದಾವೆ ತಡೆದರೆ ಆ ಪ್ರಜೆಯ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕಲ್ಲವೇ ಎಂಬ ಮುಂದಿನ ಪ್ರಶ್ನೆಗೆ ನಮ್ಮ ಕಾಯ್ದೆಯಲ್ಲಿ ಉತ್ತರವಿಲ್ಲ. ತುಂಬಿಕೊಡಬೇಕೆಂದೇ ನಾನು ನಂಬುತ್ತೇನೆ.

ಒಪ್ಪಂದದ 31ನೇ ವಿಧಿಯ ಕೊನೆಯ ವಾಕ್ಯ, ಅತಿಥೇಯ ದೇಶದಲ್ಲಿ ವಿನಾಯಿತಿ ಇದ್ದರೂ ಅಧಿಕಾರಿ ತನ್ನ ದೇಶದ ಕಾನೂನಿಗೆ ಒಳಪಟ್ಟವನೇ ಎನ್ನುತ್ತದೆ. ಕಾಗದದ ಮೇಲೆ ದಾರಿ ತೆರೆದಿದೆ. ಆ ದೇಶ ವಿಚಾರಣೆ ನಡೆಸಲೇಬೇಕೇ, ಹೊರದೇಶದಲ್ಲಿ ನಡೆದ ಕೃತ್ಯ ಅಲ್ಲಿನ ಕಾನೂನಿನಲ್ಲಿ ಅಪರಾಧವಾಗದಿದ್ದರೆ ಏನು, ಸಾಕ್ಷಿ ಹೇಳಲು ಬಡ ಕೆಲಸದಾಕೆ ಯಾರ ಖರ್ಚಿನಲ್ಲಿ, ಯಾವ ವೀಸಾದ ಮೇಲೆ ಅಲ್ಲಿಗೆ ಹೋಗಬೇಕು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ, ಈವರೆಗೆ ಬೇರೆ ಯಾವ ಒಪ್ಪಂದವೂ ಹೇಳಿಲ್ಲ.